ಆರೋಗ್ಯ ಪ್ರಶ್ನೋತ್ತರ: ಮಾತ್ರೆ ತಪ್ಪುತ್ತಿರುವುದು ಎಲ್ಲಿ?

ಎಚ್‌ಐವಿ ಚಿಕಿತ್ಸೆಯ ಬಗ್ಗೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಬರೆದಿರುವ ಐದು ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇನೆ. ಬರೆದವರ ಗುರುತು ಸಿಗುವಂಥ ವಿವರಗಳನ್ನು ಕೈಬಿಟ್ಟಿದ್ದೇನೆ. ಮೊದಲ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿರುವುದಕ್ಕೆ ಕಾರಣವಿದೆ. ಅದರಲ್ಲಿರುವ ಪ್ರಶ್ನೆಯನ್ನು, ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡಿದ ವರ್ಷಗಳಲ್ಲಿ, ಮೇಜಿನ ಆಚೆ ಕುಳಿತವರ ಮುಖದಲ್ಲಿ ನಾನು ಬಹಳ ಸಲ ಓದಿದ್ದೇನೆ. ಬಾಯಿಬಿಟ್ಟು ಕೇಳಿದವರು ಮಾತ್ರ ಕಡಿಮೆ.

ಪ್ರಶ್ನೆ: ಮಾನ್ಯರೇ, ನಾನು ಸಕಲೇಶಪುರ ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದೇನೆ. ಮೂರು ವರ್ಷಗಳಿಂದ ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮೊದಲೆರಡು ವರ್ಷ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ‘ಪತ್ತೆಯಾಗಿಲ್ಲ’ ಎಂದು ಬಂದಿತ್ತು, ಈ ಸಲ 8,400 ಬಂದಿದೆ. ಬೇರೆ ಮಾತ್ರೆ ಕೊಡಿ ಎಂದು ಕೇಳಿದರೆ, ಅದೇ ಮಾತ್ರೆಯನ್ನು ಕೊಟ್ಟು, ಮೂರು ತಿಂಗಳು ತಪ್ಪದೆ ಸಮಾಲೋಚನೆಗೆ ಬರಬೇಕು ಎಂದಿದ್ದಾರೆ. ಒಂದು ದಿನದ ಕೆಲಸ ಬಿಟ್ಟು, ಬಸ್ಸಿಗೆ ದುಡ್ಡು ಹಾಕಿ, ಹೋಗಿ ಮಾತಾಡಿ ಬಂದರೆ ರಕ್ತದಲ್ಲಿರುವ ವೈರಸ್ ಕಡಿಮೆಯಾಗುತ್ತದೆಯೇ? ನಾನು ಮಾತ್ರೆ ನಿಲ್ಲಿಸಿದವನಲ್ಲ. ಅಪರೂಪಕ್ಕೊಮ್ಮೆ, ಸಂತೆಯ ದಿನ ಸ್ವಲ್ಪ ಕುಡಿದಾಗ, ಎರಡೂ ಸೇರಿದರೆ ತೊಂದರೆಯೆಂದು ಆ ರಾತ್ರಿ ಮಾತ್ರ ಬಿಡುತ್ತೇನೆ. ಕೊಯ್ಲಿನ ಕಾಲದಲ್ಲಿ ಕಣದಲ್ಲೇ ಮಲಗಬೇಕಾಗುತ್ತದೆ, ಆಗಲೂ ಒಂದೆರಡು ದಿನ ಹೆಚ್ಚುಕಡಿಮೆ ಆಗಿರಬಹುದು.

ಉತ್ತರ: ವೈರಸ್ಸನ್ನು ತಡೆಯುವುದು ಮಾತ್ರೆಯೇ, ಅದರಲ್ಲಿ ನಿಮ್ಮ ಮಾತು ಸರಿ. ಆದರೆ ಆ ಮಾತ್ರೆ ದಿನವೂ ಹೊಟ್ಟೆಗೆ ಇಳಿಯುತ್ತಿದೆಯೇ, ಇಳಿಯದ ದಿನಗಳು ಯಾವುವು, ಆ ದಿನಗಳಲ್ಲಿ ಏನಾಯಿತು ಎಂಬುದು ರಕ್ತಪರೀಕ್ಷೆಯ ವರದಿಯಲ್ಲಿ ಬರೆದಿರುವುದಿಲ್ಲ. ಅದನ್ನು ನೀವೇ ಹೇಳಬೇಕು. ಹೇಳಲು ಧೈರ್ಯ ಬರುವಂತೆ ಕೇಳಿಸಿಕೊಳ್ಳುವವರು ಎದುರಿಗಿರಬೇಕು. ಸಮಾಲೋಚನೆಯ ಕೆಲಸ ಇಷ್ಟೇ, ಮತ್ತು ಇದು ಸಣ್ಣ ಕೆಲಸವಲ್ಲ.

ಮೊದಲು ವೈರಸ್ಸಿನ ವಿಷಯ ತಿಳಿಸುತ್ತೇನೆ. ನಿಮಗೆ ಕೊಡುತ್ತಿರುವುದು ಬಹುಶಃ ಟಿಎಲ್‌ಡಿ, ಅಂದರೆ ಟೆನೊಫೊವಿರ್, ಲ್ಯಾಮಿವುಡಿನ್ ಮತ್ತು ಡೊಲುಟೆಗ್ರಾವಿರ್ ಎಂಬ ಮೂರು ಔಷಧಗಳು ಒಂದರಲ್ಲೇ ಸೇರಿರುವ, ದಿನಕ್ಕೊಂದು ನುಂಗುವ ಮಾತ್ರೆ. ಎಚ್‌ಐವಿ ನಮ್ಮ ದೇಹದ ರೋಗನಿರೋಧಕ ಶಕ್ತಿಯ ಕಾವಲಿಗಿರುವ ಸಿಡಿ4 ಎಂಬ ಜೀವಕೋಶಗಳ ಒಳಹೊಕ್ಕು, ಅಲ್ಲಿ ತನ್ನ ಪ್ರತಿಗಳನ್ನು ಮಾಡಿಕೊಳ್ಳುತ್ತದೆ. ಮೊದಲೆರಡು ಔಷಧಗಳು ವೈರಸ್ ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ನಕಲು ಮಾಡಿಕೊಳ್ಳದಂತೆ ತಡೆಯುತ್ತವೆ. ಮೂರನೆಯದು ಆ ಡಿಎನ್‌ಎ ನಮ್ಮ ಜೀವಕೋಶದ ಡಿಎನ್‌ಎಯಲ್ಲಿ ಬೆಸೆದುಕೊಳ್ಳದಂತೆ ತಡೆಯುತ್ತದೆ. ಆದರೆ ಚಿಕಿತ್ಸೆಗೆ ಮುಂಚೆಯೇ ಬೆಸೆದುಕೊಂಡು ಸದ್ದಿಲ್ಲದೆ ಕುಳಿತಿರುವ ವೈರಸ್ಸನ್ನು ಈ ಮಾತ್ರೆಗಳು ಕಿತ್ತುಹಾಕಲಾರವು. ಆದ್ದರಿಂದಲೇ ‘ಪತ್ತೆಯಾಗಿಲ್ಲ’ ಎಂಬ ವರದಿ ಬಂದವರು ಕೂಡ ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ವೈರಸ್ ಮತ್ತೆ ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ. ಇನ್ನೊಂದು ಸಂಗತಿಯೂ ಇದೆ. ಈ ವೈರಸ್ ನಕಲು ಮಾಡುವಾಗ ಪದೇ ಪದೇ ತಪ್ಪು ಮಾಡುತ್ತದೆ, ಮಾಡಿದ ತಪ್ಪನ್ನು ತಿದ್ದುವ ಏರ್ಪಾಡು ಅದಕ್ಕಿಲ್ಲ. ರಕ್ತದಲ್ಲಿ ಔಷಧ ಸಾಕಷ್ಟು ಇಲ್ಲದ ದಿನಗಳಲ್ಲಿ ಹೀಗೆ ತಪ್ಪಿ ಹುಟ್ಟಿದ ಪ್ರತಿಗಳ ಪೈಕಿ ಔಷಧಕ್ಕೆ ಬಗ್ಗದ ಒಂದು ಬಗೆ ಉಳಿದು ಬೆಳೆದರೆ, ಆಮೇಲೆ ಎಷ್ಟು ಶಿಸ್ತಿನಿಂದ ನುಂಗಿದರೂ ಆ ಮಾತ್ರೆ ಮೊದಲಿನಂತೆ ಕೆಲಸ ಮಾಡುವುದಿಲ್ಲ. ಇದನ್ನೇ ಔಷಧ ಪ್ರತಿರೋಧ ಎನ್ನುತ್ತಾರೆ.

ಈಗ, ವೈದ್ಯರು ಮಾತ್ರೆಯನ್ನು ಏಕೆ ಬದಲಿಸಲಿಲ್ಲ ಎಂಬ ಪ್ರಶ್ನೆ. ಒಂದು ಮಿಲಿಲೀಟರ್ ರಕ್ತದಲ್ಲಿ ವೈರಸ್ಸಿನ ಪ್ರತಿಗಳು 1,000 ದಾಟಿದಾಗ ಎರಡು ಸಾಧ್ಯತೆಗಳಿರುತ್ತವೆ: ಮಾತ್ರೆ ದೇಹಕ್ಕೆ ಸರಿಯಾಗಿ ಸೇರುತ್ತಿಲ್ಲ, ಅಥವಾ ಸೇರಿದರೂ ವೈರಸ್ ಅದಕ್ಕೆ ಬಗ್ಗುತ್ತಿಲ್ಲ. 8,400 ಎಂಬ ಅಂಕಿಯನ್ನು ನೋಡಿದ ಮಾತ್ರಕ್ಕೆ ಇವೆರಡರಲ್ಲಿ ಯಾವುದು ಎಂದು ಹೇಳಲು ಆಗದು. ಹಾಗಾಗಿ ಮೊದಲು ಮಾತ್ರೆ ತಪ್ಪುತ್ತಿರುವ ಕಡೆಯನ್ನು ಹುಡುಕಿ ಸರಿಪಡಿಸಿ, ಸುಮಾರು ಮೂರು ತಿಂಗಳು ಒಂದೂ ಬಿಡದಂತೆ ನುಂಗಿಸಿ, ಮತ್ತೆ ವೈರಲ್ ಲೋಡ್ ನೋಡುತ್ತಾರೆ. ಹೀಗೆ ಮಾಡಿದಾಗ ಔಷಧವನ್ನು ಬದಲಿಸದೆಯೇ ಅನೇಕರಲ್ಲಿ ವೈರಲ್ ಲೋಡ್ ಇಳಿಯುತ್ತದೆ. ಇಳಿಯದಿದ್ದರೆ ಎರಡನೇ ಹಂತದ ಔಷಧಗಳ ಬಗ್ಗೆ ತಜ್ಞ ವೈದ್ಯರು ತೀರ್ಮಾನಿಸುತ್ತಾರೆ. ತಪ್ಪುವ ಕಾರಣವನ್ನು ಹಾಗೆಯೇ ಉಳಿಸಿಕೊಂಡು ಹೊಸ ಮಾತ್ರೆಗೆ ಹೋದವರು ಅದನ್ನೂ ಅದೇ ದಿನಗಳಲ್ಲಿ ತಪ್ಪಿಸುತ್ತಾರೆ, ಮತ್ತು ನಮ್ಮ ಕೈಯಲ್ಲಿರುವ ಔಷಧಗಳ ಪಟ್ಟಿ ಉದ್ದವಾದುದಲ್ಲ.

ನಿಮ್ಮ ಪತ್ರದ ಒಂದು ಪದದ ಬಳಿ ನಾನು ನಿಂತುಬಿಟ್ಟೆ. ‘ಅಪರೂಪಕ್ಕೊಮ್ಮೆ, ಸಂತೆಯ ದಿನ’ ಎಂದು ಬರೆದಿದ್ದೀರಿ. ಸಂತೆ ವಾರಕ್ಕೊಮ್ಮೆ ಬರುತ್ತದೆ. 28 ದಿನಗಳಲ್ಲಿ ನಾಲ್ಕು ಸಂತೆ. 30 ಮಾತ್ರೆಗಳ ಡಬ್ಬಿ ತೆರೆದ 28 ದಿನಗಳ ನಂತರ ಅದರಲ್ಲಿ ಎರಡು ಮಾತ್ರೆ ಉಳಿದಿರಬೇಕು. ನಿಮ್ಮ ಡಬ್ಬಿಯಲ್ಲಿ ಆರು ಉಳಿದಿರುತ್ತವೆ. ನುಂಗಿದ್ದು 24, ನುಂಗಬೇಕಿದ್ದುದು 28, ಅಂದರೆ ಶೇಕಡಾ 86. ನಾವು ಬಯಸುವುದು ಶೇಕಡಾ 95ಕ್ಕಿಂತ ಹೆಚ್ಚು, ಅಂದರೆ ತಿಂಗಳಿಗೆ ಒಂದಕ್ಕಿಂತ ಹೆಚ್ಚು ಮಾತ್ರೆ ತಪ್ಪಬಾರದು. ನೀವು ಸುಳ್ಳು ಹೇಳಿದಿರಿ ಎಂದು ನಾನು ಖಂಡಿತ ಹೇಳುತ್ತಿಲ್ಲ. ವಾರಕ್ಕೊಮ್ಮೆ ಆಗುವುದು ಮನಸ್ಸಿಗೆ ಅಪರೂಪವೆಂದೇ ತೋರುತ್ತದೆ. ಮಾತ್ರೆಗಳನ್ನು ಮೇಜಿನ ಮೇಲೆ ಸುರಿದು ಇಬ್ಬರೂ ಕೂಡಿ ಎಣಿಸಿದಾಗಲೇ ಅದರ ಲೆಕ್ಕ ಕಣ್ಣಿಗೆ ಬೀಳುವುದು.

ಮದ್ಯದ ಬಗೆಗಿನ ನಿಮ್ಮ ಭಯ ಹಲವರಲ್ಲಿದೆ, ಆದರೆ ಅದಕ್ಕೆ ಆಧಾರವಿಲ್ಲ. ಕುಡಿದ ದಿನ ಈ ಮಾತ್ರೆ ನುಂಗಿದರೆ ಅದು ವಿಷವಾಗುವುದಿಲ್ಲ. ಕುಡಿತ ಯಕೃತ್ತಿಗೆ ಕೆಟ್ಟದ್ದು, ನೆನಪನ್ನೂ ಕೆಡಿಸುತ್ತದೆ, ಅದನ್ನು ಕಡಿಮೆ ಮಾಡಲು ನೆರವು ಬೇಕಿದ್ದರೆ ದಯವಿಟ್ಟು ಕೇಳಿ. ಆದರೆ ಕುಡಿದಿರಿ ಎಂಬ ಕಾರಣಕ್ಕೆ ಮಾತ್ರೆಯನ್ನು ಬಿಡಬೇಡಿ. ರಾತ್ರಿಯ ಬದಲು ಬೆಳಿಗ್ಗೆ ಕಾಫಿಯ ಹೊತ್ತಿಗೆ ಮಾತ್ರೆ ನುಂಗುವುದನ್ನು ರೂಢಿ ಮಾಡಿಕೊಂಡರೆ ಸಂತೆಯ ದಿನದ ತೊಡಕೇ ಇರುವುದಿಲ್ಲ.

ಆದರೂ ವಾರಕ್ಕೊಂದು ತಪ್ಪಿದ್ದರಿಂದಲೇ ವೈರಲ್ ಲೋಡ್ ಇಷ್ಟು ಏರಿದೆ ಎಂದು ನನಗೆ ಅನ್ನಿಸುವುದಿಲ್ಲ. ಡೊಲುಟೆಗ್ರಾವಿರ್ ಇರುವ ಮಾತ್ರೆ ಅಷ್ಟು ಬೇಗ ಸೋಲುವಂಥದ್ದಲ್ಲ. ಕೊಯ್ಲಿನ ದಿನಗಳನ್ನು ನೀವು ಒಂದೇ ವಾಕ್ಯದಲ್ಲಿ ದಾಟಿಹೋಗಿದ್ದೀರಿ, ನಾನಾಗಿದ್ದರೆ ಅಲ್ಲಿಯೇ ಕುಳಿತು ಕೇಳುತ್ತಿದ್ದೆ. ಕಣಕ್ಕೆ ಮಲಗಲು ಹೋಗುವಾಗ ಡಬ್ಬಿ ಜೊತೆಯಲ್ಲಿರುತ್ತದೆಯೇ? ಜೊತೆಗೆ ಮಲಗುವವರು ಯಾರು? ಅವರ ಮುಂದೆ ಡಬ್ಬಿ ತೆಗೆಯಲು ಆಗುತ್ತದೆಯೇ? ಮಾತ್ರೆಗಳು ಡಬ್ಬಿಯಲ್ಲಿ ಕುಲುಕಿ ಸದ್ದಾಗುತ್ತದೆಂದು ನಾಲ್ಕಾರು ಮಾತ್ರೆಗಳನ್ನು ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುವವರನ್ನು ನಾನು ನೋಡಿದ್ದೇನೆ. ಮಲೆನಾಡಿನ ಮಳೆಗಾಲದ ತೇವಕ್ಕೆ ಅದು ಒಳ್ಳೆಯದಲ್ಲ. ಡಬ್ಬಿಯೊಳಗಿರುವ ಪುಟ್ಟ ಪೊಟ್ಟಣ ತೇವ ಹೀರಿಕೊಳ್ಳಲೆಂದೇ ಇಟ್ಟಿರುವುದು, ಅದನ್ನು ಎಸೆಯಬಾರದು. ಡಬ್ಬಿಯ ಬಾಯಿಗೆ ಒಂದು ತುಂಡು ಒಣ ಹತ್ತಿ ತುರುಕಿದರೆ ಸದ್ದು ನಿಲ್ಲುತ್ತದೆ. ಇದನ್ನು ನನಗೆ ಹೇಳಿಕೊಟ್ಟದ್ದು ಪುಸ್ತಕವಲ್ಲ, ಲೈನ್ ಮನೆಯಲ್ಲಿ ಐವರ ಜೊತೆ ಒಂದೇ ಕೋಣೆಯಲ್ಲಿದ್ದ ಒಬ್ಬ ಹೆಣ್ಣುಮಗಳು.

ನನ್ನದೇ ಒಂದು ತಪ್ಪನ್ನೂ ಇಲ್ಲಿ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂಬತ್ತು ಮಾತ್ರೆ ಉಳಿಸಿಕೊಂಡು ಬಂದ ಒಬ್ಬ ತಾಯಿಯನ್ನು ನಾನು ಗದರಿಸಿದ್ದೆ. ಮುಂದಿನ ತಿಂಗಳಿನಿಂದ ಅವರ ಡಬ್ಬಿಯಲ್ಲಿ ಲೆಕ್ಕಕ್ಕೆ ಸರಿಯಾಗಿ ಎರಡೇ ಮಾತ್ರೆ ಇರುತ್ತಿದ್ದವು, ನಾನು ಸಂತೋಷಪಟ್ಟು ಬರೆದುಕೊಳ್ಳುತ್ತಿದ್ದೆ. ವೈರಲ್ ಲೋಡ್ ವರದಿ ಬಂದಾಗ ನಿಜ ತಿಳಿಯಿತು. ಉಳಿದ ಮಾತ್ರೆಗಳನ್ನು ಅವರು ಬರುವ ದಾರಿಯಲ್ಲಿ ಚರಂಡಿಗೆ ಹಾಕಿ ಬರುತ್ತಿದ್ದರು. ನನ್ನ ಬೈಗುಳಕ್ಕೆ ಹೆದರಿ ಅವರು ಕಲಿತದ್ದು ಮಾತ್ರೆ ನುಂಗುವುದನ್ನಲ್ಲ, ಲೆಕ್ಕ ಹೊಂದಿಸುವುದನ್ನು. ಅಂದಿನಿಂದ ಉಳಿದ ಮಾತ್ರೆ ತಂದವರಿಗೆ ನಾನು ಮೊದಲು ಹೇಳುವುದು, ‘ಇವನ್ನು ತಂದದ್ದು ಒಳ್ಳೆಯದಾಯಿತು’ ಎಂದೇ. ನಿಮ್ಮ ಎದುರಿನ ಸಮಾಲೋಚಕರು ಗದರಿಸಿದರೆ, ‘ನನ್ನ ಕಷ್ಟವನ್ನು ಮೊದಲು ಕೇಳಿ’ ಎನ್ನುವ ಹಕ್ಕು ನಿಮಗಿದೆ.

ಬಸ್ಸಿನ ಖರ್ಚು ಮತ್ತು ಕೆಲಸ ಬಿಡುವ ಕಷ್ಟವನ್ನು ಹಗುರವಾಗಿ ಕಾಣಲಾರೆ. ಈ ಮೂರು ತಿಂಗಳು ಹೋಗಲೇಬೇಕು. ಆದರೆ ವೈರಲ್ ಲೋಡ್ ಮತ್ತೆ ಇಳಿದು ಸ್ಥಿರವಾದವರಿಗೆ ಒಮ್ಮೆಗೇ ಮೂರು ತಿಂಗಳ ಮಾತ್ರೆ ಕೊಡುವ ವ್ಯವಸ್ಥೆ ಇದೆ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಲಿಂಕ್ ಎಆರ್‌ಟಿ ಕೇಂದ್ರವಿದ್ದರೆ ಅಲ್ಲಿಂದಲೇ ಪಡೆಯಬಹುದೇ ಎಂದು ಕೇಳಿ.

ಪ್ರಶ್ನೆ: ದೀಪಾವಳಿಯಲ್ಲಿ ಬಿಂಡಿಗದ ದೇವಿರಮ್ಮನ ಬೆಟ್ಟ ಹತ್ತುವ ಹರಕೆ ಇದೆ. ಅಂದು ಉಪವಾಸ. ನಾನು ರಾತ್ರಿ ಊಟವಾದ ಮೇಲೆ ಮಾತ್ರೆ ನುಂಗುವವಳು. ಒಂದು ದಿನ ಬಿಟ್ಟು ಮಾರನೆಯ ದಿನ ಎರಡು ನುಂಗಬಹುದೇ? (ಚಿಕ್ಕಮಗಳೂರು ತಾಲ್ಲೂಕು)

ಉತ್ತರ: ಬಿಡುವ ಅಗತ್ಯವೇ ಇಲ್ಲ. ಟಿಎಲ್‌ಡಿ ಮಾತ್ರೆಯನ್ನು ಊಟದ ಜೊತೆಗೇ ನುಂಗಬೇಕೆಂಬ ನಿಯಮವಿಲ್ಲ, ಬರಿಯ ನೀರಿನಲ್ಲಿಯೂ ನುಂಗಬಹುದು. ಬೆಟ್ಟಕ್ಕೆ ಹೊರಡುವ ಮುನ್ನವೇ ನುಂಗಿ ಹೊರಡಿ. ಯಾವತ್ತಾದರೂ ಮರೆತರೆ, ನೆನಪಾದ ಕೂಡಲೇ ಒಂದು ನುಂಗಿ, ಮರುದಿನದಿಂದ ಎಂದಿನ ಹೊತ್ತಿಗೇ ಮುಂದುವರಿಸಿ. ಮುಂದಿನ ಮಾತ್ರೆಗೆ ಇನ್ನು ನಾಲ್ಕು ಗಂಟೆಯೂ ಉಳಿದಿಲ್ಲವೆಂದಾದರೆ ಮರೆತದ್ದನ್ನು ಬಿಟ್ಟು ಮುಂದಿನದನ್ನು ಮಾತ್ರ ನುಂಗಿ. ಎರಡನ್ನು ಒಟ್ಟಿಗೆ ನುಂಗುವುದು ಬೇಡ.

ಪ್ರಶ್ನೆ: ನನಗೆ 52 ವರ್ಷ, ಮೂಡಿಗೆರೆ ಕಡೆಯವಳು. ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ, ಆದರೂ ವೈರಲ್ ಲೋಡ್ 2,100 ಬಂದಿದೆ. ನನ್ನ ಮಾತನ್ನು ಯಾರೂ ನಂಬುತ್ತಿಲ್ಲ. ಬೇರೆ ಕಾಯಿಲೆ ಇಲ್ಲ. ಎದೆಯುರಿಗೆ ಔಷಧದಂಗಡಿಯ ಸಿರಪ್ಪನ್ನೂ, ಮಂಡಿನೋವಿಗೆಂದು ವೈದ್ಯರೊಬ್ಬರು ಬರೆದ ಕ್ಯಾಲ್ಸಿಯಂ ಮಾತ್ರೆಯನ್ನೂ ಎಆರ್‌ಟಿ ಮಾತ್ರೆಯ ಜೊತೆಗೇ ಮರೆಯದೆ ತೆಗೆದುಕೊಳ್ಳುತ್ತೇನೆ.

ಉತ್ತರ: ನಾನು ನಿಮ್ಮ ಮಾತನ್ನು ನಂಬುತ್ತೇನೆ, ಏಕೆಂದರೆ ಅದಕ್ಕೆ ಕಾರಣವನ್ನು ನೀವೇ ಬರೆದಿದ್ದೀರಿ. ಎದೆಯುರಿಯ ಸಿರಪ್ಪಿನಲ್ಲಿರುವ ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ, ಹಾಗೆಯೇ ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶದ ಮಾತ್ರೆಗಳು ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ಮಾಡುತ್ತವೆ. ದಿನವೂ ನುಂಗುತ್ತಿದ್ದರೂ ಔಷಧದ ಒಂದು ಭಾಗ ದೇಹಕ್ಕೆ ದಕ್ಕುತ್ತಿರಲಾರದು. ಎಆರ್‌ಟಿ ಮಾತ್ರೆ ನುಂಗಿದ ಎರಡು ಗಂಟೆಯ ನಂತರ ಸಿರಪ್ ಕುಡಿಯಿರಿ, ಅಥವಾ ಸಿರಪ್ ಕುಡಿದ ಮೇಲೆ ಆರು ಗಂಟೆ ಬಿಟ್ಟು ಎಆರ್‌ಟಿ ಮಾತ್ರೆ ನುಂಗಿ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗೂ ಇದೇ ಅಂತರ ಇರಲಿ. ಊಟದ ಜೊತೆಗಾದರೆ ಅವನ್ನು ಎಆರ್‌ಟಿ ಮಾತ್ರೆಯೊಂದಿಗೇ ತೆಗೆದುಕೊಳ್ಳಬಹುದು, ಸಿರಪ್ಪಿಗೆ ಮಾತ್ರ ಆ ವಿನಾಯಿತಿ ಇಲ್ಲ. ಮುಂದಿನ ಭೇಟಿಯಲ್ಲಿ ಮನೆಯಲ್ಲಿರುವ ಎಲ್ಲ ಔಷಧಗಳನ್ನೂ, ನಾಟಿ ಔಷಧವಿದ್ದರೆ ಅದನ್ನೂ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಸಮಾಲೋಚಕರು ‘ಬೇರೆ ಕಾಯಿಲೆ ಇದೆಯೇ’ ಎಂದು ಕೇಳಿದರೆ ನೀವು ಇಲ್ಲ ಎನ್ನುತ್ತೀರಿ, ‘ಬೇರೆ ಏನು ನುಂಗುತ್ತೀರಿ’ ಎಂದು ಕೇಳಬೇಕಿತ್ತು. ಇದು ನಮ್ಮವರ ಲೋಪ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು ಮತ್ತು ಕ್ಷಯರೋಗಕ್ಕೆ ರಿಫಾಂಪಿಸಿನ್ ಇರುವ ಚಿಕಿತ್ಸೆ ಪಡೆಯುವವರು ಕೂಡ ಎಆರ್‌ಟಿ ವೈದ್ಯರಿಗೆ ತಿಳಿಸಲೇಬೇಕು, ಏಕೆಂದರೆ ಅವರಲ್ಲಿ ಔಷಧದ ಪ್ರಮಾಣವನ್ನು ಬದಲಿಸಬೇಕಾಗುತ್ತದೆ.

ಪ್ರಶ್ನೆ: ನನ್ನ ಪತಿಗೆ ಎಚ್‌ಐವಿ ಇದೆ, ನನಗಿಲ್ಲ. ಅವರ ವೈರಲ್ ಲೋಡ್ ಒಂದೂವರೆ ವರ್ಷದಿಂದ ಪತ್ತೆಯಾಗದಷ್ಟು ಕಡಿಮೆ ಇದೆ. ನಮಗೆ ಮಗು ಬೇಕೆಂಬ ಆಸೆ. ಮನೆಯ ಹಿರಿಯರಿಗೆ ಏನೂ ತಿಳಿಯದು, ದಿನವೂ ಕೇಳುತ್ತಾರೆ. ಆಸೆಪಡುವುದೇ ತಪ್ಪೇ? (ಚಿಕ್ಕಮಗಳೂರು)

ಉತ್ತರ: ತಪ್ಪಲ್ಲ. ಮಾತ್ರೆಯನ್ನು ತಪ್ಪದೆ ನುಂಗಿ ವೈರಲ್ ಲೋಡನ್ನು ಪತ್ತೆಯಾಗದ ಮಟ್ಟದಲ್ಲಿ ಉಳಿಸಿಕೊಂಡಿರುವವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಎಚ್‌ಐವಿ ಹರಡುವುದಿಲ್ಲ. ಯುರೋಪಿನಲ್ಲಿ ಒಬ್ಬರಿಗೆ ಮಾತ್ರ ಎಚ್‌ಐವಿ ಇರುವ ದಂಪತಿಗಳನ್ನು ಮತ್ತು ಸಂಗಾತಿಗಳನ್ನು ವರ್ಷಗಟ್ಟಲೆ ಗಮನಿಸಿ 2016 ಮತ್ತು 2019ರಲ್ಲಿ ಫಲಿತಾಂಶ ಪ್ರಕಟಿಸಿದ ‘ಪಾರ್ಟ್‌ನರ್’ ಅಧ್ಯಯನಗಳಲ್ಲಿ, ಹೀಗೆ ನಿಯಂತ್ರಣದಲ್ಲಿದ್ದ ಸಂಗಾತಿಯಿಂದ ಸೋಂಕು ದಾಟಿದ ಒಂದೂ ಪ್ರಸಂಗ ಕಂಡುಬರಲಿಲ್ಲ. ಈ ಭರವಸೆ ನಿಂತಿರುವುದು ನಿಮ್ಮ ಪತಿ ದಿನವೂ ನುಂಗುವ ಮಾತ್ರೆಯ ಮೇಲೆ. ಆದ್ದರಿಂದ ಪ್ರಯತ್ನಕ್ಕೆ ಮುಂಚೆ ಇಬ್ಬರೂ ಒಟ್ಟಿಗೆ ಎಆರ್‌ಟಿ ಕೇಂದ್ರಕ್ಕೆ ಹೋಗಿ, ಇತ್ತೀಚಿನ ವೈರಲ್ ಲೋಡ್ ವರದಿಯನ್ನು ವೈದ್ಯರೊಂದಿಗೆ ನೋಡಿ, ಸಮಾಲೋಚನೆಗೂ ಒಟ್ಟಿಗೇ ಕುಳಿತುಕೊಳ್ಳಿ. ನೀವೂ ಪರೀಕ್ಷೆ ಮಾಡಿಸಿಕೊಳ್ಳಿ, ಗರ್ಭಿಣಿಯಾದ ಮೇಲೂ ಮಾಡಿಸಿಕೊಳ್ಳಿ. ಹಿರಿಯರಿಗೆ ಹೇಳಬೇಕೋ ಬೇಡವೋ ಎಂಬುದು ನಿಮ್ಮಿಬ್ಬರ ತೀರ್ಮಾನ. 2017ರಲ್ಲಿ ರೂಪುಗೊಂಡು 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ, ಆಸ್ಪತ್ರೆಯವರು ನಿಮ್ಮ ಒಪ್ಪಿಗೆಯಿಲ್ಲದೆ ಮನೆಯವರಿಗೆ ವಿಷಯ ತಿಳಿಸುವಂತಿಲ್ಲ.

ಪ್ರಶ್ನೆ: ನಾನು ಅರಸೀಕೆರೆ ತಾಲ್ಲೂಕಿನ ಒಬ್ಬ ಅಜ್ಜಿ, ಪಕ್ಕದ ಮನೆಯ ಮಗಳ ಕೈಯಲ್ಲಿ ಬರೆಸುತ್ತಿದ್ದೇನೆ. ಮಗ, ಸೊಸೆ ಇಬ್ಬರೂ ಇಲ್ಲ. ಮೊಮ್ಮಗನಿಗೆ 16 ವರ್ಷ. ಚಿಕ್ಕಂದಿನಿಂದ ನಾನೇ ಮಾತ್ರೆ ಕೊಟ್ಟು ಬೆಳೆಸಿದೆ, ರಕ್ತ ಕಡಿಮೆ ಇದೆ ಅದಕ್ಕೆ ಎಂದು ಹೇಳಿದ್ದೆ. ಈಗ ಪಿಯುಸಿಗೆ ಹಾಸನದಲ್ಲಿ ಹಾಸ್ಟೆಲ್ ಸೇರಿದ್ದಾನೆ. ಊರಿಗೆ ಬಂದಾಗ ಡಬ್ಬಿ ನೋಡಿದರೆ ಮಾತ್ರೆ ಹಾಗೇ ಇವೆ. ಕೇಳಿದರೆ, ನನಗೆ ರಕ್ತ ಸರಿಯಾಗಿದೆ, ಇದು ಯಾಕೆ ಎನ್ನುತ್ತಾನೆ. ಹೇಳಿದರೆ ಏನು ಮಾಡಿಕೊಳ್ಳುತ್ತಾನೋ ಎಂದು ಭಯ.

ಉತ್ತರ: ಅಮ್ಮ, ತಂದೆತಾಯಿಯಿಲ್ಲದ ಮಗುವಿಗೆ ಇಷ್ಟು ವರ್ಷ ದಿನವೂ ಮಾತ್ರೆ ಕೊಟ್ಟು 16 ವರ್ಷದವರೆಗೆ ತಂದಿದ್ದೀರಿ. ಅವನು ಪಿಯುಸಿ ಓದುತ್ತಿರುವುದು ನಿಮ್ಮ ಕೈಯ ಫಲ. ಇದನ್ನು ಮೊದಲು ಹೇಳಿ ಮುಂದಿನ ಮಾತಿಗೆ ಬರುತ್ತೇನೆ, ಏಕೆಂದರೆ ಅದು ಕಹಿಯಾಗಿದೆ: ಅವನಿಗೆ ನಿಜ ತಿಳಿಯಬೇಕಾದ ಕಾಲ ದಾಟಿಹೋಗಿದೆ. ಮಕ್ಕಳಿಗೆ 6ರಿಂದ 12 ವರ್ಷದೊಳಗೆ, ಅವರ ತಿಳಿವಳಿಕೆಗೆ ತಕ್ಕಂತೆ, ಸ್ವಲ್ಪ ಸ್ವಲ್ಪವಾಗಿ ವಿಷಯ ತಿಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೀವು ಹೇಳದಿದ್ದುದು ಪ್ರೀತಿಯಿಂದ. ಆದರೆ ರಕ್ತ ಕಡಿಮೆ ಎಂಬ ಕಾರಣ ಈಗ ಅವನಿಗೆ ಸಾಲುತ್ತಿಲ್ಲ. ಪಿಯುಸಿ ಓದುವ ಹುಡುಗ ಡಬ್ಬಿಯ ಮೇಲಿನ ಹೆಸರನ್ನು ಮೊಬೈಲಿನಲ್ಲಿ ನೋಡಿದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಈಗಾಗಲೇ ತಿಳಿದಿದ್ದು, ಯಾರನ್ನು ಕೇಳುವುದೆಂದು ತೋಚದೆ ಮಾತ್ರೆ ಬಿಟ್ಟಿದ್ದರೂ ಬಿಟ್ಟಿರಬಹುದು. ಹಾಸ್ಟೆಲ್ ಕೋಣೆಯಲ್ಲಿ ಹುಡುಗರ ನಡುವೆ ಡಬ್ಬಿ ತೆಗೆಯುವ ಸಂಕೋಚವಂತೂ ಇದ್ದೇ ಇರುತ್ತದೆ.

ಇದನ್ನು ನೀವೊಬ್ಬರೇ ಹೇಳಬೇಕಾಗಿಲ್ಲ. ಅವನು ಔಷಧ ಪಡೆಯುತ್ತಿರುವ ಎಆರ್‌ಟಿ ಕೇಂದ್ರದ ಆಪ್ತ ಸಮಾಲೋಚಕರಿಗೆ ಮೊದಲೇ ಫೋನ್ ಮಾಡಿಸಿ, ಜನಸಂದಣಿ ಕಡಿಮೆ ಇರುವ ಹೊತ್ತನ್ನು ಗೊತ್ತುಮಾಡಿಕೊಳ್ಳಿ. ಅವನು ಮಾತ್ರೆ ಬಿಟ್ಟಿರುವುದನ್ನೂ ತಿಳಿಸಿ, ವೈದ್ಯರು ವೈರಲ್ ಲೋಡ್ ಪರೀಕ್ಷೆ ಮಾಡಿಸುತ್ತಾರೆ. ಅಂದು ಸಮಾಲೋಚಕರು ಅವನಿಗೆ ಏನು ಗೊತ್ತಿದೆ ಎಂಬುದರಿಂದ ಆರಂಭಿಸುತ್ತಾರೆ. ಅವನು ಹುಟ್ಟುವಾಗಲೇ ಈ ವೈರಸ್ ಬಂದದ್ದು, ಅದರಲ್ಲಿ ಅವನ ತಪ್ಪಾಗಲಿ ತಾಯಿಯ ತಪ್ಪಾಗಲಿ ಇಲ್ಲವೆಂಬುದು, ಮಾತ್ರೆ ನುಂಗಿದರೆ ಓದು, ಕೆಲಸ, ಮದುವೆ, ಮಕ್ಕಳು ಎಲ್ಲವೂ ಸಾಧ್ಯವೆಂಬುದು ಅವನ ಕಿವಿಗೆ ಅಂದೇ ಬೀಳಬೇಕು. ಅಳಬಹುದು, ನಿಮ್ಮ ಮೇಲೆ ಸಿಟ್ಟಾಗಬಹುದು. ಆ ರಾತ್ರಿ ಅವನನ್ನು ಹಾಸ್ಟೆಲಿಗೆ ಕಳಿಸಬೇಡಿ, ನಿಮ್ಮ ಜೊತೆ ಊರಿಗೇ ಕರೆದುಕೊಂಡು ಹೋಗಿ. ಸಾಯುವ ಮಾತಾಡಿದರೆ ತಡಮಾಡದೆ ವೈದ್ಯರಿಗೆ ತಿಳಿಸಿ. ಮುಂದಿನ ತಿಂಗಳುಗಳಲ್ಲಿ ಸಮಾಲೋಚಕರ ಜೊತೆ ಅವನು ಒಬ್ಬನೇ ಮಾತಾಡಲು ಬಿಡಿ. ನಿಮ್ಮ ಮುಂದೆ ಕೇಳಲಾಗದ ಪ್ರಶ್ನೆಗಳು ಆ ವಯಸ್ಸಿಗೆ ಬಹಳ ಇರುತ್ತವೆ. 1097 ಸಂಖ್ಯೆಗೆ ಫೋನ್ ಮಾಡಿದರೆ ಎಚ್‌ಐವಿ ಬಗ್ಗೆ ಉಚಿತವಾಗಿ, ಹೆಸರು ಹೇಳದೆ ಮಾತಾಡಬಹುದೆಂದು ಅವನಿಗೆ ತಿಳಿಸಿ.

ಮಾತ್ರೆಯ ಹೊತ್ತನ್ನು ಅವನೇ ಆರಿಸಿಕೊಳ್ಳಲಿ, ಕಾಲೇಜಿಗೆ ಹೊರಡುವ ಮುನ್ನವೋ, ಮಲಗುವ ಮುನ್ನವೋ. ನೀವು ದಿನವೂ ಫೋನ್ ಮಾಡುವವರಾದರೆ ಆ ಹೊತ್ತಿಗೇ ಮಾಡಿ, ಊಟ ಆಯಿತೇ ಎಂದು ಮಾತ್ರ ಕೇಳಿ. ಅವನಿಗೆ ಅರ್ಥವಾಗುತ್ತದೆ.